ಶಾಸನಗಳ ತ್ರಿಕೋನಜಾಲಪ್ರತಿ ಮತ್ತು ಅದರ ಪರಿಷ್ಕರಣ

೧. ಪೀಠಿಕೆ

ಹಸ್ತಪ್ರತಿಯನ್ನು ಪರಿಷ್ಕರಿಸುವ ಸಂಪಾದಕನ ದಾರಿ ಎರಡು ಅಪಾಯಗಳ ನಡುವೆ ಸಾಗುತ್ತದೆ. ಲಿಪಿಕಾರನ ಸ್ಖಾಲಿತ್ಯವನ್ನು ತಿದ್ದದೆ ಬಿಟ್ಟರೆ ಗ್ರಂಥ ಅರ್ಥವಾಗದು. ಸ್ಖಾಲಿತ್ಯವಲ್ಲದುದನ್ನು ಸ್ಖಾಲಿತ್ಯವೆಂದು ಬಗೆದು ತಿದ್ದಿದರೆ ಕವಿಯ ಮಾತೇ ಅಳಿದು ಸಂಪಾದಕನ ಮಾತು ಅಲ್ಲಿ ನೆಲೆಸುತ್ತದೆ. ಈ ಎಚ್ಚರ ನಮ್ಮ ವಿದ್ವಾಂಸರಿಗೆ ಹೊಸತಲ್ಲ. ಆದರೆ ಇಂದು ಇದೇ ಎಚ್ಚರ ಇನ್ನೊಂದು ಕ್ಷೇತ್ರದಲ್ಲಿಯೂ ಅವಶ್ಯವಾಗಿದೆ. ಶಿಲಾಶಾಸನಗಳನ್ನು ಮೂರು ಆಯಾಮಗಳಲ್ಲಿ ಅಳೆದು ಗಣಕಯಂತ್ರದಲ್ಲಿ ಪ್ರತಿ ಮಾಡುವ ಕಾರ್ಯವೇ ಆ ಕ್ಷೇತ್ರ. ಆ ಪ್ರತಿಯನ್ನು ಓದುಗನ ಮುಂದಿಡುವ ಮೊದಲು ಯಂತ್ರದ ಮೂಲಕ ನಯಗೊಳಿಸುವ ಒಂದು ಸಂಸ್ಕಾರ ನಡೆಯುತ್ತದೆ. ಅದರ ಸ್ವರೂಪವೇನು, ಪ್ರಯೋಜನವೇನು, ಅದರಿಂದ ಪಾಠಕ್ಕೆ ಒದಗಬಹುದಾದ ಹಾನಿಯೇನು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಪಡಿಯಚ್ಚಿನಿಂದ ತ್ರಿಕೋನಜಾಲಕ್ಕೆ

ಕಲ್ಲನ್ನು ತೊಳೆದು, ಒದ್ದೆಕಾಗದವನ್ನು ಹರಡಿ, ಬ್ರಷ್ಷಿನಿಂದ ಬಡಿದು, ಮಸಿಯನ್ನೊತ್ತಿ ಪಡಿಯಚ್ಚು ತೆಗೆಯುವ ಕ್ರಮ ಸುಪರಿಚಿತವಾದುದು. ಇದರಲ್ಲಿ ಕಲ್ಲಿನ ಮೇಲ್ಮೈ ಕಪ್ಪಾಗಿಯೂ ಕೊರೆದ ಅಕ್ಷರ ಬಿಳಿಯಾಗಿಯೂ ಮೂಡುತ್ತವೆ. ಈ ಕ್ರಮದಿಂದ ನಮ್ಮ ಶಾಸನಾಧ್ಯಯನಕ್ಕೆ ದೊರೆತಿರುವ ಉಪಕಾರ ಅಪಾರ. ಒಂದೇ ನಿದರ್ಶನ ಸಾಕು: ಶ್ರವಣಬೆಳಗೊಳದ ಸಂಪುಟ ೧೮೮೯ರಲ್ಲಿ ರೈಸ್ ಅವರಿಂದ ಪ್ರಕಟವಾದಾಗ ಅದರಲ್ಲಿದ್ದ ಶಾಸನಗಳು ೧೪೪, ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕರಣದಲ್ಲಿ ೫೦೦. ೧೯೭೩ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕರಣದಲ್ಲಿ ೫೭೩. ಹೀಗೆ ಅದೇ ಬೆಟ್ಟಗಳನ್ನೂ ಊರನ್ನೂ ಮತ್ತೆ ಮತ್ತೆ ನೋಡಿದಂತೆ ಶಾಸನಗಳ ಸಂಖ್ಯೆ ಹೆಚ್ಚುತ್ತಲೇ ಬಂದಿತು. ಮರಳಿ ನೋಡುವುದರ ಬೆಲೆ ಇದರಿಂದ ತಿಳಿಯುತ್ತದೆ.

ಪಡಿಯಚ್ಚಿಗೆ ಮಿತಿಯೂ ಉಂಟು. ಗೆರೆ ಎಷ್ಟು ಆಳವಾಗಿದೆ ಎಂಬುದನ್ನು ಅದು ಹೇಳಲಾರದು. ಉಳಿಯಿಂದ ಕೊರೆದ ಗೆರೆಯೂ ಮಳೆಗೆ ಉದುರಿದ ಚಕ್ಕೆಯ ಗುಳಿಯೂ ಕಾಗದದ ಮೇಲೆ ಒಂದೇ ಬಿಳುಪಾಗಿ ಕಾಣುತ್ತವೆ. ಬೆಳಕನ್ನು ಹರಿಸಿ ಕಲ್ಲಿನ ಪ್ರತಿಯೊಂದು ಬಿಂದುವಿನ ಸ್ಥಾನವನ್ನು ಅಳೆಯುವ ಉಪಕರಣದಿಂದ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಇಟಲಿಯ ಫ್ಲಾರೆನ್ಸ್ ನಗರದಲ್ಲಿರುವ ಮೈಕೆಲೇಂಜೆಲೋನ ಡೇವಿಡ್ ಶಿಲ್ಪವನ್ನು ೧೯೯೯ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಸುಮಾರು ಕಾಲು ಮಿಲಿಮೀಟರ್ ಅಂತರದಲ್ಲಿ ಅಳೆದರು. ನಮ್ಮಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಲ್ಲಿ ಬೆಂಗಳೂರು ಸುತ್ತಮುತ್ತಲಿನ ಶಾಸನಗಳ ಮೂರು ಆಯಾಮದ ಪ್ರತೀಕರಣವನ್ನು ಕೈಗೊಂಡಿತು. ರಸ್ತೆ, ಬಡಾವಣೆಗಳ ವಿಸ್ತರಣದಲ್ಲಿ ಕಲ್ಲುಗಳೇ ಕಾಣೆಯಾಗುತ್ತಿರುವಾಗ ಇಂತಹ ಪ್ರತಿಯೇ ಮುಂದೆ ಏಕೈಕ ಸಾಕ್ಷಿಯಾಗುವ ಸಂಭವವಿದೆ. ಆದುದರಿಂದ ಆ ಪ್ರತಿ ಹೇಗೆ ಸಿದ್ಧವಾಗುತ್ತದೆಂಬುದನ್ನು ಪಾಠವನ್ನು ಓದುವವರೂ ಅರಿತಿರಬೇಕು.

ಉಪಕರಣ ಕೊಡುವುದು ಕೇವಲ ಬಿಂದುಗಳ ರಾಶಿ. ನೆರೆಹೊರೆಯ ಮೂರು ಮೂರು ಬಿಂದುಗಳನ್ನು ಸೇರಿಸಿದರೆ ತ್ರಿಭುಜಗಳಾಗುತ್ತವೆ; ಲಕ್ಷಾಂತರ ತ್ರಿಭುಜಗಳು ಅಂಚಿಗೆ ಅಂಚು ಕೂಡಿದಾಗ ಕಲ್ಲಿನ ಮೈ ಒಂದು ಬಲೆಯಂತೆ ರೂಪುಗೊಳ್ಳುತ್ತದೆ. ಇದನ್ನೇ ಇಲ್ಲಿ ತ್ರಿಕೋನಜಾಲವೆಂದು ಕರೆದಿದೆ. ತ್ರಿಭುಜವೇ ಏಕೆ ಎಂದರೆ, ಯಾವುದೇ ಮೂರು ಬಿಂದುಗಳು ಒಂದೇ ಸಮತಲದಲ್ಲಿರುತ್ತವೆ. ನಾಲ್ಕು ಬಿಂದುಗಳಿಗೆ ಈ ನಿಯಮವಿಲ್ಲ. ಆದುದರಿಂದ ಎಂತಹ ಉಬ್ಬುತಗ್ಗಿನ ಮೈಯನ್ನಾದರೂ ತ್ರಿಭುಜಗಳಿಂದ ಸಂಶಯವಿಲ್ಲದೆ ಮುಚ್ಚಬಹುದು.

೩. ತ್ರಿಭುಜದ ಗುಣ

ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದ ಕ್ಷೇತ್ರಗಣಿತ ಭಾಗದಲ್ಲಿ ತ್ರಿಭುಜಗಳನ್ನು ಸಮ, ದ್ವಿಸಮ, ವಿಷಮ ಎಂದು ಮೂರಾಗಿ ವಿಂಗಡಿಸಿದ್ದಾರೆ. ಅಲ್ಲಿಯೇ ಕ್ಷೇತ್ರಫಲದ ಗಣನೆಯನ್ನು ವ್ಯಾವಹಾರಿಕವೆಂದೂ ಸೂಕ್ಷ್ಮವೆಂದೂ ಎರಡು ಬಗೆಯಾಗಿ ಹೇಳಿದ್ದಾರೆ. ತ್ರಿಕೋನಜಾಲದ ವಿಚಾರದಲ್ಲಿಯೂ ಮೊದಲ ಪ್ರಶ್ನೆ ತ್ರಿಭುಜದ ಆಕಾರದ್ದೇ. ಜಾಲದಲ್ಲಿನ ತ್ರಿಭುಜಗಳು ಸಮಭುಜಕ್ಕೆ ಹತ್ತಿರವಾದಷ್ಟೂ ಜಾಲ ಉತ್ತಮವೆನಿಸುತ್ತದೆ. ಸೂಜಿಯಂತೆ ನೀಳವಾದ ವಿಷಮ ತ್ರಿಭುಜಗಳು ಹೆಚ್ಚಿದಷ್ಟೂ ಅಧಮವೆನಿಸುತ್ತದೆ.

ಈ ಗುಣವನ್ನು ಅಳೆಯುವ ಒಂದು ಸೂತ್ರ ಬಳಕೆಯಲ್ಲಿದೆ. ಕ್ಷೇತ್ರಫಲವನ್ನು ೩ರ ವರ್ಗಮೂಲದ ನಾಲ್ಕರಷ್ಟರಿಂದ, ಅಂದರೆ ಸುಮಾರು ೬.೯೩ರಿಂದ, ಗುಣಿಸಿ ಮೂರು ಭುಜಗಳ ವರ್ಗಗಳ ಮೊತ್ತದಿಂದ ಭಾಗಿಸಬೇಕು. ಸಮತ್ರಿಭುಜಕ್ಕೆ ಈ ಫಲ ೧ ಬರುತ್ತದೆ. ತ್ರಿಭುಜ ಕೃಶವಾದಂತೆ ಸೊನ್ನೆಯತ್ತ ಇಳಿಯುತ್ತದೆ. ೧, ೨ ಎಂಬ ಬೀಜಗಳಿಂದ ಹುಟ್ಟುವ ೩, ೪, ೫ ಭುಜಗಳ ಜನ್ಯ ತ್ರಿಭುಜವನ್ನು ತೆಗೆದುಕೊಂಡರೆ ಅದರ ಕ್ಷೇತ್ರಫಲ ೬, ವರ್ಗಗಳ ಮೊತ್ತ ೫೦. ಗುಣ ಸುಮಾರು ೦.೮೩. ಭುಜಗಳು ೧೦, ೧೦, ೧ ಆದ ದ್ವಿಸಮದಲ್ಲಿ ಗುಣ ೦.೧೭ಕ್ಕೆ ಕುಸಿಯುತ್ತದೆ.

ಆಕಾರ ಕೆಟ್ಟರೆ ಓದುವುದಕ್ಕೆ ಏನು ಕೆಡುಕು ಎಂಬ ಪ್ರಶ್ನೆ ಸಹಜ. ಗಣಕಯಂತ್ರವು ಶಾಸನವನ್ನು ತೋರಿಸುವಾಗ ಪ್ರತಿಯೊಂದು ತ್ರಿಭುಜವೂ ಯಾವ ಕಡೆಗೆ ಮುಖ ಮಾಡಿದೆಯೆಂದು ಲೆಕ್ಕಹಾಕಿ, ಓರೆಬೆಳಕಿನಲ್ಲಿ ಅದಕ್ಕೆ ಎಷ್ಟು ನೆರಳು ಬೀಳಬೇಕೆಂದು ನಿರ್ಧರಿಸುತ್ತದೆ. ಸಂಜೆಯ ಬಿಸಿಲಿನಲ್ಲಿ ಅಥವಾ ದೀಪವನ್ನು ಪಕ್ಕಕ್ಕೆ ಹಿಡಿದು ಕಲ್ಲನ್ನು ಓದುವ ಹಳೆಯ ಉಪಾಯವೇ ಇದು. ಈಗ ತ್ರಿಭುಜದ ಎತ್ತರ ೧ ಮಿಲಿಮೀಟರ್ ಇದ್ದು ಅದರ ಒಂದು ಶೃಂಗದ ಅಳತೆಯಲ್ಲಿ ೦.೦೫ ಮಿಲಿಮೀಟರ್ ದೋಷ ಬಂದರೆ ಆ ತ್ರಿಭುಜ ಸುಮಾರು ೩ ಅಂಶಗಳಷ್ಟು ವಾಲುತ್ತದೆ. ಅದೇ ದೋಷ ಎತ್ತರ ೦.೧ ಮಿಲಿಮೀಟರ್ ಮಾತ್ರವಿರುವ ಕೃಶ ತ್ರಿಭುಜಕ್ಕೆ ತಗುಲಿದರೆ ಅದು ೨೬ ಅಂಶಗಳಿಗಿಂತಲೂ ಹೆಚ್ಚು ವಾಲುತ್ತದೆ. ಅಲ್ಲಿ ಕಡುನೆರಳು ಬೀಳುತ್ತದೆ. ಇಂತಹ ನಾಲ್ಕೆಂಟು ತ್ರಿಭುಜಗಳು ಸಾಲಾಗಿ ನಿಂತರೆ, ಕಲ್ಲಿನಲ್ಲಿ ಇಲ್ಲದ ಗೆರೆಯೊಂದು ಪ್ರತಿಯಲ್ಲಿ ಹುಟ್ಟಿಕೊಳ್ಳುತ್ತದೆ. ಅದನ್ನು ಕೊಂಬೆಂದೋ ಒತ್ತಕ್ಷರದ ಬಾಲವೆಂದೋ ಓದುವುದು ಅಸಂಭವವಲ್ಲ.

೪. ನಯಗೊಳಿಸುವ ಕ್ರಮ

ಈ ದೋಷಗಳ ನಿವಾರಣೆಗೆ ಅತ್ಯಂತ ಸರಳವಾದ ಉಪಾಯ ಸರಾಸರಿಯದು. ಒಂದು ಶೃಂಗವನ್ನು ಎತ್ತಿಕೊಂಡು, ಅದಕ್ಕೆ ಅಂಚಿನಿಂದ ಹೊಂದಿಕೊಂಡ ನೆರೆಯ ಶೃಂಗಗಳೆಲ್ಲದರ ಮಧ್ಯಸ್ಥಾನವನ್ನು ಕಂಡು, ಶೃಂಗವನ್ನು ಅತ್ತ ಸರಿಸುವುದು. ಪೂರ್ತಿಯಾಗಿ ಸರಿಸದೆ ಅರ್ಧದಾರಿ ಸರಿಸುವುದೂ ಉಂಟು. ಜಾಲದ ಎಲ್ಲ ಶೃಂಗಗಳಿಗೂ ಹೀಗೆ ಮಾಡಿದರೆ ಒಂದು ಆವೃತ್ತಿಯಾಯಿತು. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸನ ಹೆಸರಿನಿಂದ ಇದನ್ನು ಲಾಪ್ಲಾಸ್ ಕ್ರಮವೆನ್ನುತ್ತಾರೆ.

ಈ ಚಲನೆಯಲ್ಲಿ ಎರಡು ಅಂಶಗಳು ಬೆರೆತಿವೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯದು, ಶೃಂಗವು ಕಲ್ಲಿನ ಮೈಯ ಮೇಲೆಯೇ ಅತ್ತಿತ್ತ ಜಾರುವುದು. ಇದರಿಂದ ತ್ರಿಭುಜಗಳ ಆಕಾರ ಸುಧಾರಿಸುತ್ತದೆ. ಮೈಯ ಎತ್ತರ ಬಹುತೇಕ ಬದಲಾಗುವುದಿಲ್ಲ. ಎರಡನೆಯದು, ಶೃಂಗವು ಮೈಗೆ ಲಂಬವಾಗಿ ಒಳಕ್ಕೋ ಹೊರಕ್ಕೋ ಚಲಿಸುವುದು. ಇದರಿಂದ ಮೈಯ ತರಿತರಿ ಇಳಿಯುತ್ತದೆ. ಆದರೆ ಮೈಯೇ ಬದಲಾಗುತ್ತದೆ. ಮೊದಲನೆಯದನ್ನು ಓಲೆಗರಿಗಳ ಕ್ರಮವನ್ನು ಸರಿಪಡಿಸುವುದಕ್ಕೂ ಎರಡನೆಯದನ್ನು ಪಾಠವನ್ನು ತಿದ್ದುವುದಕ್ಕೂ ಹೋಲಿಸಬಹುದು. ಎರಡೂ ಸಂಪಾದನೆಯೇ ಆದರೂ ಹೊಣೆಗಾರಿಕೆಯಲ್ಲಿ ಸಮಾನವಲ್ಲ. ತ್ರಿಭುಜಗಳ ಗುಣವನ್ನು ಉತ್ತಮಪಡಿಸುವುದಷ್ಟೇ ಉದ್ದೇಶವಾದಾಗ ಲಂಬ ಚಲನೆಯನ್ನು ತಡೆದು, ಜಾರುವಿಕೆಯನ್ನು ಮಾತ್ರ ಇಟ್ಟುಕೊಳ್ಳುವುದು ಸಾಧ್ಯ. ಇದರೊಡನೆ ಎರಡು ತ್ರಿಭುಜಗಳ ನಡುವಿನ ಕರ್ಣವನ್ನು ಬದಲಿಸಿ ಅತಿಕಿರಿದಾದ ಕೋನವನ್ನು ಹಿಗ್ಗಿಸುವ ಉಪಾಯವನ್ನೂ ಸೇರಿಸುತ್ತಾರೆ. ರಷ್ಯದ ಡೆಲೋನೆ ೧೯೩೪ರಲ್ಲಿ ನಿರೂಪಿಸಿದ ನಿಯಮ ಇದಕ್ಕೆ ಆಧಾರ.

೫. ಒಂದು ಸಣ್ಣ ಗಣನೆ

ಲಂಬ ಚಲನೆಯ ಪರಿಣಾಮವನ್ನು ಕಾಗದದ ಮೇಲೆಯೇ ಪರೀಕ್ಷಿಸಬಹುದು. ಸಮತಟ್ಟಾದ ಕಲ್ಲಿನ ಮೇಲೆ ಒಂದು ಗೆರೆಯನ್ನು ೨ ಮಿಲಿಮೀಟರ್ ಆಳಕ್ಕೆ ಕೊರೆದಿದೆಯೆಂದೂ, ಅದಕ್ಕೆ ಅಡ್ಡಲಾಗಿ ಸಾಲಿನಲ್ಲಿ ಐದು ಶೃಂಗಗಳಿವೆಯೆಂದೂ ಭಾವಿಸೋಣ. ಆಳಗಳು ಅನುಕ್ರಮವಾಗಿ ೦, ೦, ೨, ೦, ೦. ಐದರ ಆಚೀಚೆ ಕಲ್ಲು ಸಮತಟ್ಟಾಗಿದೆ. ಪ್ರತಿಯೊಂದು ಶೃಂಗವನ್ನೂ ಎರಡು ನೆರೆಗಳ ಸರಾಸರಿಯತ್ತ ಅರ್ಧದಾರಿ ಸರಿಸಿದರೆ ಮೊದಲ ಆವೃತ್ತಿಯ ನಂತರ ಆಳಗಳು ೦, ೦.೫, ೧, ೦.೫, ೦ ಆಗುತ್ತವೆ. ಎರಡನೆಯ ಆವೃತ್ತಿಯ ನಂತರ ಸುಮಾರು ೦.೧೩, ೦.೫, ೦.೭೫, ೦.೫, ೦.೧೩. ಎರಡೇ ಆವೃತ್ತಿಗಳಲ್ಲಿ ೨ ಮಿಲಿಮೀಟರ್ ಆಳದ ಗೆರೆ ೦.೭೫ಕ್ಕೆ ಇಳಿದು ಅಗಲವಾಗಿ ಹರಡಿತು. ಒಟ್ಟು ಮೊತ್ತ ಎಲ್ಲ ಹಂತಗಳಲ್ಲಿಯೂ ೨ ಆಗಿಯೇ ಉಳಿದಿರುವುದನ್ನು ಗಮನಿಸಬೇಕು. ತೋಡಿದುದು ಎಲ್ಲಿಯೂ ಹೋಗಲಿಲ್ಲ. ಆದರೆ ಗೆರೆಯೆಂದು ಗುರುತಿಸುವ ಚೂಪು ಹೋಯಿತು.

ಆವೃತ್ತಿಗಳು ನಾಲ್ಕು ಪಟ್ಟಾದಾಗ ಹರಡುವಿಕೆಯ ಅಗಲ ಎರಡು ಪಟ್ಟಾಗುತ್ತದೆ. ಬಿಂದುಗಳ ಅಂತರಕ್ಕೆ ಸಮಾನವಾದ ಸಣ್ಣ ತರಿಗಳು ಮೊದಲ ಕೆಲವು ಆವೃತ್ತಿಗಳಲ್ಲಿಯೇ ಮಾಯವಾಗುತ್ತವೆ. ಅನಂತರ ಮಾಡುವ ಪ್ರತಿಯೊಂದು ಆವೃತ್ತಿಯೂ ತರಿಯನ್ನಲ್ಲ, ಅಕ್ಷರವನ್ನು ತಿನ್ನುತ್ತದೆ. ಇನ್ನೂ ಒಂದು ದೋಷವಿದೆ. ಈ ಕ್ರಮ ಉಬ್ಬಿದ ವಸ್ತುವನ್ನು ಕುಗ್ಗಿಸುತ್ತಾ ಹೋಗುತ್ತದೆ. ಬಹಳ ಸಲ ಆವರ್ತಿಸಿದರೆ ಶಿಲ್ಪದ ಮೂಗು, ಬೆರಳುಗಳು ಮೊಂಡಾಗುತ್ತವೆ.

ಕುಗ್ಗುವಿಕೆಗೆ ಪರಿಹಾರವಾಗಿ ಟೌಬಿನ್ ಎಂಬ ವಿದ್ವಾಂಸರು ೧೯೯೫ರಲ್ಲಿ ಇನ್ನೊಂದು ಕ್ರಮವನ್ನು ಪ್ರಕಟಿಸಿದರು. ಒಂದು ಹೆಜ್ಜೆ ಸರಾಸರಿಯತ್ತ, ಮುಂದಿನ ಹೆಜ್ಜೆ ಅದಕ್ಕಿಂತ ತುಸು ಹೆಚ್ಚಾಗಿ ಹಿಂದಕ್ಕೆ. ಮೊದಲ ಹೆಜ್ಜೆಗೆ ೦.೫, ಹಿಂದಣ ಹೆಜ್ಜೆಗೆ ೦.೫೩ ಎಂದು ಇಟ್ಟುಕೊಂಡರೆ ಮೇಲಿನ ಸಾಲಿನ ಆಳಗಳು ಸುಮಾರು -೦.೧೩, ೦.೫, ೧.೨೭, ೦.೫, -೦.೧೩ ಆಗುತ್ತವೆ. ಗೆರೆ ೦.೭೫ರ ಬದಲು ೧.೨೭ರಷ್ಟು ಆಳ ಉಳಿದಿದೆ, ಇದು ಲಾಭ. ಆದರೆ ಎರಡು ಬದಿಗಳಲ್ಲಿ ಕಲ್ಲು ೦.೧೩ರಷ್ಟು ಮೇಲೆದ್ದಿದೆ, ಇದು ಕಲ್ಲಿನಲ್ಲಿ ಇಲ್ಲದ ದಿಣ್ಣೆ. ಸಂಸ್ಕಾರವು ದೋಷವನ್ನು ಕಳೆಯುವಾಗ ತನ್ನದೊಂದು ಗುರುತನ್ನು ಬಿಟ್ಟೇ ಹೋಗುತ್ತದೆಂಬುದಕ್ಕೆ ಇದು ಸ್ಪಷ್ಟವಾದ ನಿದರ್ಶನ. ೨೦೦೩ರಲ್ಲಿ ಪ್ರಕಟವಾದ ಮತ್ತೊಂದು ಕ್ರಮದಲ್ಲಿ, ತನಗಿಂತ ಎತ್ತರದಲ್ಲಿ ಬಹಳ ಭಿನ್ನವಾದ ನೆರೆಗೆ ಕಡಿಮೆ ಬೆಲೆಯನ್ನು ಕೊಟ್ಟು ಸರಾಸರಿ ಮಾಡುತ್ತಾರೆ. ಆಗ ಗೆರೆಯ ಕಡಿದಾದ ಗೋಡೆ ಉಳಿಯುತ್ತದೆ. ಹೊಸದಾಗಿ ಕೊರೆದಂತಿರುವ ಶಾಸನಕ್ಕೆ ಇದು ಹಿತಕರ. ಸವೆದು ಗೋಡೆಯೇ ಇಳಿಜಾರಾಗಿರುವ ಶಾಸನದಲ್ಲಿ ಅಕ್ಷರವನ್ನೂ ತರಿಯನ್ನೂ ಬೇರ್ಪಡಿಸಲು ಈ ಕ್ರಮಕ್ಕೂ ಸಾಲದು.

೬. ಬಿಂದುವಿನ ಬೆಲೆ

ಯಂತ್ರಕ್ಕೆ ತರಿಯೆಂದು ತೋರುವುದು ನಮಗೆ ಅಕ್ಷರವಾಗಿರಬಹುದು. ಅನುಸ್ವಾರವನ್ನೇ ತೆಗೆದುಕೊಳ್ಳೋಣ. ದಾನಶಾಸನವೊಂದರಲ್ಲಿ ‘ಕೊಂಡರ್’ ಎಂದಿದ್ದರೆ ಸ್ವೀಕರಿಸಿದರು ಎಂದರ್ಥ. ನಡುವಣ ಬಿಂದು ಅಳಿದರೆ ಉಳಿಯುವುದು ‘ಕೊಡರ್’. ಹಳಗನ್ನಡ ವ್ಯಾಕರಣದ ಪ್ರಕಾರ ಇದು ಕೊಡು ಧಾತುವಿನ ನಿಷೇಧರೂಪ, ಕೊಡುವುದಿಲ್ಲ ಎಂದರ್ಥ. ಎರಡೂ ಶುದ್ಧರೂಪಗಳೇ ಆದುದರಿಂದ ವ್ಯಾಕರಣದ ಬಲದಿಂದ ತಪ್ಪನ್ನು ಹಿಡಿಯಲಾಗದು. ಬಿಂದುವಿನ ಅಡ್ಡಳತೆ ೪ ಮಿಲಿಮೀಟರ್ ಇದ್ದು ಅಳತೆಯ ಅಂತರ ಅರ್ಧ ಮಿಲಿಮೀಟರ್ ಆದರೆ ಆ ಬಿಂದುವಿನೊಳಗೆ ಸುಮಾರು ೫೦ ಶೃಂಗಗಳು ಬೀಳುತ್ತವೆ. ಮಿತವಾದ ಸಂಸ್ಕಾರವನ್ನು ಅದು ತಾಳಿಕೊಳ್ಳಬಲ್ಲದು. ಅಂತರ ೨ ಮಿಲಿಮೀಟರ್ ಆದರೆ ಬೀಳುವುದು ಮೂರು ನಾಲ್ಕು ಶೃಂಗಗಳು ಮಾತ್ರ. ಆಗ ಎರಡು ಆವೃತ್ತಿಗಳೇ ಅದನ್ನು ಗುರುತಿಸಲಾಗದಂತೆ ಮಾಡಬಹುದು. ಇದಕ್ಕೆ ವಿಪರ್ಯಾಯವೂ ಉಂಟು. ಒರಟು ಕಣದ ಕಲ್ಲಿನಲ್ಲಿ ಒಂದು ಕಣ ಉದುರಿದ ಗುಳಿ, ನಯಗೊಂಡು ದುಂಡಗಾಗಿ, ಅಚ್ಚುಕಟ್ಟಾದ ಅನುಸ್ವಾರದಂತೆ ಕಾಣುತ್ತದೆ.

ಚಿಕ್ಕಬೆಟ್ಟದ ಹಾಸುಬಂಡೆಯ ಮೇಲಿನ ಪ್ರಾಚೀನ ನಿಸಿದಿ ಶಾಸನಗಳಂತಹವನ್ನು ನೆನೆದರೆ ಈ ಮಾತಿನ ಗುರುತ್ವ ಅರಿವಾಗುತ್ತದೆ. ಶತಮಾನಗಳ ಬಿಸಿಲುಮಳೆಗೆ ಒಡ್ಡಿಕೊಂಡ ಬಂಡೆಯಲ್ಲಿ ಅಕ್ಷರದ ಆಳಕ್ಕೂ ಕಲ್ಲಿನ ತರಿಗೂ ಅಂತರ ಕಿರಿದು. ಸಮಾಧಿಮರಣವನ್ನು ಪಡೆದ ಮುನಿಯ ಹೆಸರಿನಲ್ಲಿ ಒಂದು ದೀರ್ಘವೋ ಒತ್ತೋ ಲೋಪವಾದರೆ ಗುರುಪರಂಪರೆಯ ಒಂದು ಕೊಂಡಿಯೇ ಸಡಿಲವಾಗುತ್ತದೆ.

೭. ಪಾಲಿಸಬಹುದಾದ ನಿಯಮಗಳು

ಗ್ರಂಥಸಂಪಾದನೆಯಲ್ಲಿ ನಾವು ಒಪ್ಪಿರುವ ನಿಯಮಗಳನ್ನೇ ಇಲ್ಲಿಗೂ ಅನ್ವಯಿಸಬಹುದೆಂದು ತೋರುತ್ತದೆ.

ಮೊದಲನೆಯದಾಗಿ, ಉಪಕರಣದಿಂದ ಬಂದ ಮೊದಲ ಅಳತೆಯನ್ನು ಯಾವ ಸಂಸ್ಕಾರಕ್ಕೂ ಒಳಪಡಿಸದೆ ಮೂಲಪ್ರತಿಯಾಗಿ ಕಾಪಾಡಬೇಕು. ನಯಗೊಳಿಸಿದ ಜಾಲದಿಂದ ಮೂಲವನ್ನು ಮರಳಿ ಪಡೆಯುವುದು ಭರವಸೆಯ ಮಾತಲ್ಲ. ಎರಡನೆಯದಾಗಿ, ತ್ರಿಭುಜಗಳ ಆಕಾರವನ್ನು ಸರಿಪಡಿಸುವ ಕಾರ್ಯವನ್ನು ಮೊದಲು, ಪ್ರತ್ಯೇಕವಾಗಿ ಮಾಡಬೇಕು. ಹುಸಿಗೆರೆಗಳು ಅನೇಕವು ಇಷ್ಟರಿಂದಲೇ ತೊಲಗುತ್ತವೆ. ಎತ್ತರವನ್ನು ತಿದ್ದುವ ಸಂಸ್ಕಾರ ಅನಂತರ, ಅವಶ್ಯವಿದ್ದರೆ ಮಾತ್ರ. ಮೂರನೆಯದಾಗಿ, ಯಾವ ಕ್ರಮ, ಎಷ್ಟು ಆವೃತ್ತಿ, ಎಷ್ಟು ಹೆಜ್ಜೆ, ಬಿಂದುಗಳ ಅಂತರವೆಷ್ಟು ಎಂಬುದನ್ನು ಪ್ರಕಟಣೆಯಲ್ಲಿ ನಮೂದಿಸಬೇಕು. ಯಾವ ಯಾವ ಪ್ರತಿಗಳನ್ನು ಬಳಸಿದೆ, ಎಲ್ಲಿ ತಿದ್ದಿದೆ ಎಂದು ಸಂಪಾದಕನು ಪೀಠಿಕೆಯಲ್ಲಿ ಹೇಳುವಂತೆಯೇ ಇದು.

ನಾಲ್ಕನೆಯದು ಒಂದು ಪರೀಕ್ಷೆ. ಮೂಲ ಜಾಲದಿಂದ ನಯಗೊಳಿಸಿದ ಜಾಲವನ್ನು ಕಳೆದು, ಎಲ್ಲಿ ಎಷ್ಟು ಬದಲಾಯಿತೆಂಬುದನ್ನು ಬಣ್ಣಗಳಲ್ಲಿ ಚಿತ್ರಿಸಬೇಕು. ಆ ವ್ಯತ್ಯಾಸಚಿತ್ರ ಮರಳು ಚೆಲ್ಲಿದಂತೆ ಯಾವ ಆಕಾರವೂ ಇಲ್ಲದೆ ಇದ್ದರೆ ತರಿ ಮಾತ್ರ ಹೋಗಿದೆಯೆಂದು ತಿಳಿಯಬಹುದು. ಅದರಲ್ಲಿ ಅಕ್ಷರಗಳ ಆಕೃತಿ ಕಾಣಿಸಿದರೆ ಸಂಸ್ಕಾರ ಮಿತಿಮೀರಿದೆ. ಬಿಸುಟದ್ದರಲ್ಲಿ ಪಾಠವೂ ಸೇರಿದೆ. ಈ ಪರೀಕ್ಷೆಯನ್ನು ಯಂತ್ರಜ್ಞನು ಒಬ್ಬನೇ ಮಾಡಲಾರ. ಆಕೃತಿಯನ್ನು ಕಂಡು ಇದು ಅಕ್ಷರವೆಂದು ಹೇಳಬಲ್ಲ ಲಿಪಿಜ್ಞನು ಪಕ್ಕದಲ್ಲಿರಬೇಕು. ವಿದ್ವಾಂಸರು ಈ ಕಾರ್ಯವನ್ನು ಯಂತ್ರಶಾಲೆಗೆ ಬಿಟ್ಟು ದೂರ ನಿಲ್ಲಬಾರದೆನ್ನುವುದಕ್ಕೆ ಇದೇ ಮುಖ್ಯ ಕಾರಣ. ಕೊನೆಯದಾಗಿ, ಸಂದೇಹದ ಅಕ್ಷರವನ್ನು ಮೂಲ ಜಾಲದಲ್ಲಿಯೂ ಪಡಿಯಚ್ಚಿನಲ್ಲಿಯೂ ಸಾಧ್ಯವಾದರೆ ಕಲ್ಲಿನಲ್ಲಿಯೂ ನೋಡಿ ನಿರ್ಣಯಿಸಬೇಕು. ನಯಗೊಳಿಸಿದ ಪ್ರತಿಯೊಂದನ್ನೇ ನಂಬಿ ಹೊಸ ಪಾಠವನ್ನು ಸೂಚಿಸುವುದು ಊಹಾಪಾಠಕ್ಕೆ ಸಮಾನ.

೮. ಕೊಳ್ಳೇಗಾಲ ಸೀಮೆಯ ಮಾತು

ಈ ವಿಚಾರ ಧನಗೆರೆಯಂತಹ ಊರುಗಳ ಪಾಲಿಗೆ ವಿಶೇಷವಾಗಿ ಪ್ರಸ್ತುತ. ಧನಗೆರೆ ಸೇರಿದ ಕೊಳ್ಳೇಗಾಲ ತಾಲ್ಲೂಕು ೧೯೫೬ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಆದಕಾರಣ ರೈಸ್ ಅವರು ಮೈಸೂರು ಸೀಮೆಯ ಶಾಸನಗಳನ್ನು ಪ್ರಕಟಿಸಿದಾಗ, ನೆರೆಯ ಯಳಂದೂರು ೧೮೯೮ರ ಸಂಪುಟದಲ್ಲಿ ಸೇರಿತು. ಕೊಳ್ಳೇಗಾಲ ಆ ಮಾಲೆಯ ಹೊರಗುಳಿಯಿತು. ಒಂದೇ ಭಾಷೆ, ಒಂದೇ ನದಿಯ ಬಯಲು. ಆದರೂ ಆಡಳಿತದ ಗಡಿಯಿಂದ ಪ್ರತಿಗಳ ಇತಿಹಾಸ ಬೇರೆಬೇರೆಯಾಯಿತು. ಹಸ್ತಪ್ರತಿಗಳ ವಿಷಯದಲ್ಲಿ ಹೇಳುವಂತೆ, ಒಂದು ಕಡೆ ಪ್ರತಿಗಳ ಪರಂಪರೆ ಮೊದಲೇ ಆರಂಭವಾಯಿತು, ಇನ್ನೊಂದು ಕಡೆ ತಡವಾಗಿ. ಹಳೆಯ ಪಡಿಯಚ್ಚುಗಳು ವಿರಳವಾದ ಕಡೆ ಹೊಸ ಪ್ರತಿಯನ್ನು ಹೋಲಿಸಿ ನೋಡಲು ಆಧಾರವೂ ವಿರಳ. ಅಂತಹಲ್ಲಿ ತ್ರಿಕೋನಜಾಲದ ಮೇಲೆ ಬೀಳುವ ಭಾರ ಹೆಚ್ಚು. ಅದನ್ನು ಕೆಡದಂತೆ ಕಾಯುವ ಹೊಣೆಯೂ ಹೆಚ್ಚು.

ಈ ಭಾಗದ ಕಲ್ಲು ಬಹುಮಟ್ಟಿಗೆ ಗಡುಸಾದ, ಕಣಕಣವಾದ ಜಾತಿಯದು. ಹೊಯ್ಸಳ ಶಿಲ್ಪಿಗಳ ಬಳಪದ ಕಲ್ಲಿನ ನುಣುಪು ಇದಕ್ಕಿಲ್ಲ. ನುಣುಪುಗಲ್ಲಿನ ಶಾಸನಕ್ಕೆ ಹೊಂದಿಸಿದ ಆವೃತ್ತಿಗಳ ಸಂಖ್ಯೆಯನ್ನು ಇಲ್ಲಿಗೆ ಹಾಗೆಯೇ ತಂದರೆ ಒಂದೋ ತರಿ ಉಳಿಯುತ್ತದೆ, ಇಲ್ಲವೇ ಅಕ್ಷರ ಅಳಿಯುತ್ತದೆ. ಕೆರೆಯ ಏರಿಯ ಮೇಲೋ ಹೊಲದ ಬದುವಿನಲ್ಲೋ ನಿಂತಿರುವ ಪ್ರತಿಯೊಂದು ಕಲ್ಲಿಗೂ ಅದರ ಕಣ, ಸವೆತ, ಅಕ್ಷರದ ಗಾತ್ರಗಳನ್ನು ನೋಡಿ ಬೇರೆಬೇರೆಯಾಗಿ ನಿರ್ಣಯಿಸುವುದೇ ಯುಕ್ತ.

ಓಲೆಗರಿಗಳ ವಿಷಯದಲ್ಲಿಯೂ ಒಂದು ಮಾತು. ಕಂಟದಿಂದ ಕೊರೆದ ಗೆರೆ ಕೂದಲೆಳೆಯಂತಹುದು. ಮಸಿ ಹೋದ ಗರಿಯಲ್ಲಿ ಆ ಗೆರೆಯೊಂದೇ ಓದಿಗೆ ಆಧಾರ. ಗರಿಯಾದರೋ ಬಾಗಿ, ನಾರುನಾರಾಗಿರುತ್ತದೆ. ಅದನ್ನು ಅಳೆದು ಜಾಲವಾಗಿಸಿ ನಯಗೊಳಿಸಿದರೆ ನಾರಿಗಿಂತ ಮೊದಲು ಗೆರೆಯೇ ಮಾಯವಾಗುವ ಸಂಭವವಿದೆ. ಆದುದರಿಂದ ಗರಿಗಳಿಗೆ ನಾನಾ ದಿಕ್ಕುಗಳಿಂದ ಬೆಳಕನ್ನು ಬೀರಿ ಚಿತ್ರಗಳನ್ನು ತೆಗೆಯುವ ವಿಧಾನವೇ ಮೇಲು.

ಒಟ್ಟಿನಲ್ಲಿ, ಜಾಲದ ಗುಣ ಬೇರೆ, ಪಾಠದ ಗುಣ ಬೇರೆ. ತ್ರಿಭುಜಗಳೆಲ್ಲವೂ ಸಮವಾಗಿ, ಮೈ ಕನ್ನಡಿಯಂತಾಗಿ, ಗುಣದ ಅಂಕ ಒಂದಕ್ಕೆ ಸಮೀಪಿಸಿದ ಪ್ರತಿಯಲ್ಲಿ ಅಕ್ಷರವೇ ಉಳಿಯದಿರಬಹುದು. ನೋಟಕ್ಕೆ ಒರಟಾದ ಪ್ರತಿಯಲ್ಲಿ ಶಿಲ್ಪಿಯ ಉಳಿಯ ಪ್ರತಿಯೊಂದು ಪೆಟ್ಟೂ ಉಳಿದಿರಬಹುದು. ಕಣ್ಣಿಗೆ ಹಿತವಾದುದನ್ನಲ್ಲದೆ ಕಲ್ಲಿಗೆ ನಿಷ್ಠವಾದುದನ್ನು ಆರಿಸಿಕೊಳ್ಳುವುದು ಸಂಪಾದಕನ ಧರ್ಮ. ಮೇಲೆ ಸೂಚಿಸಿದ ನಿಯಮಗಳನ್ನು ವಿದ್ವಾಂಸರು ಪರಿಶೀಲಿಸಿ, ತಮ್ಮ ಅನುಭವದ ಬೆಳಕಿನಲ್ಲಿ ತಿದ್ದಿ ಬೆಳೆಸಬೇಕೆಂದು ಪ್ರಾರ್ಥನೆ.